ಎರಡು ಓರೆಗೆರೆ

ಹೀಯುಮಾ ದ್ವೀಪ, ಹೆಲ್ತೆರ್ಮಾ ಬಂದರು, ಫೆಬ್ರವರಿ.
ಕಿಟಕಿಯಾಚೆ ಕಡಲು ಹೆಪ್ಪುಗಟ್ಟಿ
ಮೊಸರಾಗಿ ಕೂತಿದೆ.
ನನ್ನ ಮುಂದೆ ನೂರ ಹನ್ನೆರಡು ಕ್ಲಾಸ್ ಕಡತ,
ಎಲ್ಲ ಬೀಸಿದ ಹಿಟ್ಟು. ಕಾಳು ಎಲ್ಲಿ ಅಂದರೆ
ಆ ಡಿಸ್ಕು ಸತ್ತು ಹದಿನಾಲ್ಕು ವರ್ಷ
ಎನ್ನುತ್ತಾಳೆ ಟಿಕೆಟ್ ಕೌಂಟರಿನ ವೈಕೆ,
ಹೆರಿಂಗ್ ಮೀನಿನ ಮುಳ್ಳು ಬಿಡಿಸುತ್ತ.

ಮೂಲ ಹೋಗಿದೆ, ಫಲ ಮಾತ್ರ ಓಡುತ್ತಿದೆ.
ಜಾವಾದಲ್ಲಿ ಹುಟ್ಟಿದ್ದನ್ನು ಪೈಥಾನಿನಲ್ಲಿ ಹುಟ್ಟಿಸಬೇಕು,
ಮುಖ ನೋಡದೆ,
ಬರೀ ಮೂಳೆಯ ಎಕ್ಸ್‌ರೇ ಹಿಡಿದು.

ಅದಕ್ಕೊಂದು ಉಪಕರಣ ಕಟ್ಟಿದೆ.
ಕಡತವನ್ನು ಬಾಯಿಗೆ ಹಾಕಿದರೆ ಬೈಟು ಬೈಟಾಗಿ ಅಗಿದು
ಇನ್ನೊಂದು ಭಾಷೆಯಲ್ಲಿ ಉಗುಳುತ್ತದೆ.
ಮೊದಲ ರಾತ್ರಿ ಉಗುಳಿದ್ದು ಹೀಗೆ:
ವ೧, ವ೨, ವ೩, ವ೪.
ಒಳಗೊಳಗೆ ಇಟ್ಟುಕೊಂಡ ಹೆಸರೆಲ್ಲ ಅಳಿದಿದೆ.
ಟಿಪ್ಪಣಿಗಳಂತೂ ಮೊದಲ ದಿನವೇ ಆವಿ.
ಉಳಿದದ್ದು ಹೊರಗಿನವರು ಕರೆಯುವ ಹೆಸರು:
ಪ್ರಾಮ್ ಅಂದರೆ ಹಡಗು, ಪಿಲೆತ್ ಅಂದರೆ ಟಿಕೆಟ್ಟು.
ಯಾರೋ ಕರೆಯುತ್ತಾರೆ, ಅದಕ್ಕೇ ಇವೆ.
ನನ್ನಜ್ಜಿಯನ್ನು ಊರೆಲ್ಲ ‘ದೀಪಸ್ತಂಭದವಳು’ ಅನ್ನುತ್ತಿತ್ತು;
ತನ್ನನ್ನು ತಾನು ಏನೆಂದು ಕರೆದುಕೊಳ್ಳುತ್ತಿದ್ದಳೋ
ಅದು ವ೧.

ಮೂರನೆಯ ವಾರ
ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಓಡಿಸಿ
ಇಪ್ಪತ್ತು ಸಾವಿರ ಟಿಕೆಟ್ ಹರಿದು ನೋಡಿದೆವು.
ದೊಡ್ಡವರದು ತಾಳೆ. ಕಾರು, ಟ್ರ್ಯಾಕ್ಟರು, ನಾಯಿ,
ಶವಪೆಟ್ಟಿಗೆ, ಎಲ್ಲ ತಾಳೆ.
ಮಕ್ಕಳದು ಮಾತ್ರ ಅಲ್ಲೊಂದು ಇಲ್ಲೊಂದು ತಪ್ಪುತ್ತದೆ.
ಅರ್ಧ ಸೆಂಟು.

ಕಾರಣ ಸಣ್ಣದು.
ಜಾವಾದಲ್ಲಿ ಏಳನ್ನು ಎರಡರಿಂದ ಭಾಗಿಸಿದರೆ ಮೂರು.
ಮಿಕ್ಕ ಅರ್ಧ ಮೇಜಿನ ಕೆಳಗೆ ಬೀಳುತ್ತದೆ,
ಯಾರೂ ಹೆಕ್ಕುವುದಿಲ್ಲ.
ಪೈಥಾನ್ ಬಗ್ಗಿ ಹೆಕ್ಕಿ, ಮೂರೂವರೆ ಎನ್ನುತ್ತದೆ.
ಬೀಳಿಸಲೇಬೇಕೆಂದರೆ
ಒಂದಲ್ಲ, ಎರಡು ಓರೆಗೆರೆ ಎಳೆಯಬೇಕು.
ಅಲ್ಲಿ ಮರೆತು ಕಳೆದದ್ದನ್ನು
ಇಲ್ಲಿ ನೆನಪಿಟ್ಟು ಕಳೆಯಬೇಕು.

‘ತಪ್ಪು ಅದು, ತಿದ್ದಿಬಿಡು’ ಅಂದ
ತಾಲ್ಲಿನ್ನಿನಿಂದ ಬಂದಿದ್ದ ರೈವೊ.
‘ತಪ್ಪನ್ನೂ ದಾಟಿಸುವುದೇ ನನ್ನ ಕೆಲಸ’ ಅಂದೆ.
ಜಗಳ ಬಗೆಹರಿಯಲಿಲ್ಲ. ಬರೆದವನನ್ನೇ ಕೇಳೋಣವೆಂದು
ಹಿಮದ ಮೇಲೆ ಕಾರು ಬಿಟ್ಟೆವು.

ಹೆಲ್ದುರ್‌ಗೆ ಎಂಬತ್ತೊಂದು.
ಒಲೆಗೆ ಬರ್ಚ್ ಸೌದೆ ಒಟ್ಟುತ್ತಿದ್ದ.
ನನ್ನ ಹಾಳೆಗಳನ್ನು ದೂರ ಹಿಡಿದು, ಹತ್ತಿರ ಹಿಡಿದು
‘ಇದು ನಾನು ಬರೆದದ್ದಲ್ಲ’ ಅಂದ.
ಸ್ವಲ್ಪ ಹೊತ್ತು ಬಿಟ್ಟು
‘ಆದರೆ ಬಾಗಿಲು ಹಾಕುವ ರೀತಿ ನನ್ನದೇ.’

ಅರ್ಧದ ಸಾಲಿಗೆ ಬೆರಳಿಟ್ಟೆ:
ಗೊತ್ತಿದ್ದೇ ಬಿಟ್ಟಿರೋ, ಗೊತ್ತಿಲ್ಲದೆ ಬಿತ್ತೋ?
ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ.
‘ಆಗ ಕ್ರೋನಿನ ಕಾಲ. ಒಬ್ಬ ಹುಡುಗಿ
ಪಿಟೀಲು ಕಲಿಯಲು ಆಚೆ ದಡಕ್ಕೆ ಹೋಗುತ್ತಿದ್ದಳು,
ಕೈಗವಸಿನೊಳಗಿಂದ ಚಿಲ್ಲರೆ ಎಣಿಸಿ ಎಣಿಸಿ ಕೊಡುತ್ತ.
ಅವಳಿಗಾಗಿಯೇ ಇರಬೇಕು.
ಅಥವಾ ದಶಾಂಶ ಬರೆಯಲು ಸೋಮಾರಿತನವೋ.
ತಡಿ, ಅಲ್ಲೇ ಮೇಲೆ ಟಿಪ್ಪಣಿ ಹಾಕಿದ್ದೆನಲ್ಲ,
ಅದನ್ನು ಓದು.’

ರೈವೊ ಕಾಫಿ ಲೋಟದೊಳಗೆ ನೋಡುತ್ತ ಕೂತ.
ನಾನು ಓದುವವಳ ಹಾಗೆ ಹಾಳೆ ತಿರುವಿದೆ.

ಬಂದರಿಗೆ ಮರಳುವಾಗ ಐದೂವರೆಯ ಹಡಗು ಹೊರಟಿತ್ತು.
ಅದು ಸೀಳಿದ ಮಂಜುಗಡ್ಡೆ ಅದರ ಬೆನ್ನಿಗೇ
ಕೂಡಿಕೊಳ್ಳುತ್ತಿತ್ತು, ದಾರಿ ಇರಲೇ ಇಲ್ಲವೆಂಬಂತೆ.
ಕೋಟು ಬಿಚ್ಚದೆ ಕೂತು ಎರಡು ಓರೆಗೆರೆ ಎಳೆದೆ.
ಅದರ ಮೇಲೊಂದು ಟಿಪ್ಪಣಿ ಬೇಕಲ್ಲ.
ದಯೆ ಎಂದು ಬರೆದೆ, ಅಳಿಸಿದೆ.
ತಪ್ಪು ಎಂದು ಬರೆದೆ, ಅಳಿಸಿದೆ.
ಕೊನೆಗೆ:
ಹೆಲ್ದುರ್‌ಗೂ ನೆನಪಿಲ್ಲ. ಮುಟ್ಟಬೇಡಿ.